ನಡುವಯಸ್ಸಿನವರಿಗೆ ಊರಿನಲ್ಲೊಂದು ಹೊಣೆಯಿರಲಿ

ಮಾನ್ಯ ಸಂಪಾದಕರೇ,

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಯುವಕರ ನಿರುದ್ಯೋಗದ ಬಗ್ಗೆ ಸಭೆಗಳಾಗುತ್ತವೆ, ಹಿರಿಯ ನಾಗರಿಕರ ಆರೈಕೆಯ ಬಗ್ಗೆ ಭಾಷಣಗಳಾಗುತ್ತವೆ. ಇವೆರಡರ ನಡುವೆ, ನಲವತ್ತೈದು ದಾಟಿ ಅರವತ್ತು ಮುಟ್ಟದ ಒಂದು ದೊಡ್ಡ ಸಮೂಹವಿದೆ. ದೇವಸ್ಥಾನದ ಲೆಕ್ಕ ಬರೆಯುವವರು, ಮನೆಯ ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವವರು, ಬೆಂಗಳೂರಿನಲ್ಲಿರುವ ಮಕ್ಕಳಿಗೆ ಹಪ್ಪಳ, ಉಪ್ಪಿನಕಾಯಿ ಕಟ್ಟಿ ರಾತ್ರಿ ಬಸ್ಸಿಗೆ ಹಾಕುವವರು ಇವರೇ. ಹೊರಗಿನಿಂದ ನೋಡಿದವರಿಗೆ ಇವರಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಇಷ್ಟು ವರ್ಷ ಮಾಡಿದ್ದು ಯಾತಕ್ಕಾಗಿ, ಇನ್ನು ಮುಂದೆ ಮಾಡಬೇಕಾದದ್ದಾದರೂ ಏನು ಎಂಬ ಪ್ರಶ್ನೆ ಇವರನ್ನು ಒಳಗಿಂದೊಳಗೇ ತಿನ್ನುತ್ತಿರುವುದನ್ನು ನಾನು ಸುತ್ತಲಿನ ಮನೆಗಳಲ್ಲಿ ಕಾಣುತ್ತಿದ್ದೇನೆ. ಶಿರಸಿ ತಾಲೂಕಿನ ಹಳ್ಳಿಯೊಂದರಲ್ಲಿ ತೋಟದ ಮನೆ ನಡೆಸುತ್ತಿರುವ, ಇದೇ ವಯಸ್ಸಿನ ಗೃಹಿಣಿಯಾಗಿ ಈ ವಿಷಯವನ್ನು ತಮ್ಮ ಪತ್ರಿಕೆಯ ಮೂಲಕ ಜಿಲ್ಲೆಯ ಜನರ, ಅದರಲ್ಲೂ ಸಹಕಾರಿ ಸಂಘಗಳ ಮತ್ತು ಗ್ರಾಮ ಪಂಚಾಯಿತಿಗಳ ಗಮನಕ್ಕೆ ತರಬಯಸುತ್ತೇನೆ.

ಮಿಡ್‌ಲೈಫ್ ಕ್ರೈಸಿಸ್, ಅಂದರೆ ನಡುವಯಸ್ಸಿನ ತಳಮಳ ಎಂದೊಡನೆ ನಮ್ಮ ಕಡೆಯವರು ಅದು ಪೇಟೆಯ ಸಿರಿವಂತರ ಕಾಯಿಲೆ ಎಂದು ಬದಿಗೆ ಸರಿಸಿಬಿಡುತ್ತಾರೆ. ಹಾಗೆ ಅನ್ನಿಸುವುದಕ್ಕೆ ಕಾರಣವೂ ಇದೆ. 1965ರಲ್ಲಿ ಎಲಿಯಟ್ ಜಾಕ್ಸ್ ಎಂಬ ಮನೋವಿಶ್ಲೇಷಕರು ಈ ಹೆಸರನ್ನು ಬಳಕೆಗೆ ತಂದಾಗ ಅವರ ಮುಂದಿದ್ದದ್ದು ಯುರೋಪಿನ ಚಿತ್ರಕಾರರ, ಸಂಗೀತಗಾರರ, ಕವಿಗಳ ಬದುಕು. ಸಾವು ದೂರವಿಲ್ಲ ಎಂಬ ಅರಿವು ಮೊದಲ ಬಾರಿಗೆ ಗಟ್ಟಿಯಾಗುವ ಹೊತ್ತಿನಲ್ಲಿ ಅವರ ಸೃಷ್ಟಿಶೀಲತೆ ಹೇಗೆ ಬದಲಾಯಿತು ಎಂಬುದು ಜಾಕ್ಸ್ ಅವರ ವಿಚಾರವಾಗಿತ್ತು. ಆಮೇಲೆ ಸಿನಿಮಾಗಳು ಅದನ್ನು ಹೊಸ ಕಾರು, ಬಣ್ಣ ಹಾಕಿದ ಕೂದಲು, ಮುರಿದ ಸಂಸಾರ ಎಂದು ಚಿತ್ರಿಸಿದವು. ನಂತರದ ಸಂಶೋಧಕರು ಈ ತಳಮಳ ಎಲ್ಲರಿಗೂ ಬರುವುದಿಲ್ಲವೆಂದೂ, ಬಂದವರಲ್ಲಿ ಹೆಚ್ಚಿನವರಿಗೆ ವಯಸ್ಸಿಗಿಂತ ತಂದೆತಾಯಿಯ ಸಾವು, ಕೆಲಸ ಹೋಗುವುದು, ಕಾಯಿಲೆ ಇಂಥ ಘಟನೆಗಳೇ ಕಾರಣವೆಂದೂ ತೋರಿಸಿದ್ದಾರೆ. ಅರ್ಥಶಾಸ್ತ್ರಜ್ಞ ಡೇವಿಡ್ ಬ್ಲಾಂಚ್‌ಫ್ಲವರ್ ಅವರು 2020ರಲ್ಲಿ 132 ದೇಶಗಳ ಅಂಕಿಅಂಶಗಳನ್ನು ಪರಿಶೀಲಿಸಿ, ಬದುಕಿನ ಬಗೆಗಿನ ತೃಪ್ತಿ ಸರಾಸರಿಯಾಗಿ 47–48ರ ವಯಸ್ಸಿನಲ್ಲಿ ಅತ್ಯಂತ ಕೆಳಮಟ್ಟಕ್ಕೆ ಇಳಿಯುತ್ತದೆ ಎಂದರು. ಅಂದರೆ ಇದು ಸಿರಿವಂತ ದೇಶಗಳಿಗೆ ಮಾತ್ರ ಸೇರಿದ ಸಂಗತಿಯಲ್ಲ. ಆದರೂ ಸರಾಸರಿಯಿಂದ ಒಂದು ಊರಿನ ಕಾರಣ ತಿಳಿಯುವುದಿಲ್ಲ. ನಮ್ಮ ಘಟ್ಟ ಮತ್ತು ಕರಾವಳಿಯ ಕಾರಣಗಳನ್ನು ನಾವೇ ಇಲ್ಲಿ ಹುಡುಕಿಕೊಳ್ಳಬೇಕು.

ನನಗೆ ಕಾಣುವ ದೊಡ್ಡ ಕಾರಣವೆಂದರೆ, ಈ ವಯಸ್ಸಿನವರು ಸಹಜವಾಗಿ ಒಟ್ಟು ಸೇರುತ್ತಿದ್ದ, ಅವರ ಅನುಭವ ಸಹಜವಾಗಿ ಬೇಕಾಗುತ್ತಿದ್ದ ಸಂದರ್ಭಗಳು ಒಂದೊಂದಾಗಿ ಇಲ್ಲವಾದದ್ದು. ಅಡಿಕೆ ಸುಲಿಯುವುದನ್ನೇ ನೋಡಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೊಯ್ಲಿನ ತಿಂಗಳುಗಳಲ್ಲಿ ಅಕ್ಕಪಕ್ಕದ ನಾಲ್ಕಾರು ಮನೆಯವರು ರಾತ್ರಿ ಊಟ ಮುಗಿಸಿ ಒಂದೇ ಅಂಗಳದಲ್ಲಿ ಕತ್ತಿಯ ಮುಂದೆ ಕೂರುತ್ತಿದ್ದರು. ಒಂದು ಕಡೆ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಅದರ ಚೊಗರಿನ ವಾಸನೆ ಅಂಗಳದ ತುಂಬ ಇರುತ್ತಿತ್ತು. ಕೈ ತನ್ನಷ್ಟಕ್ಕೆ ಸುಲಿಯುತ್ತಿರುವಾಗ ಬಾಯಿ ಖಾಲಿ ಇರುತ್ತದಲ್ಲ, ಆಗ ಯಾರೋ ಒಬ್ಬರು ತಾಳಮದ್ದಲೆಯ ಅರ್ಥ ಹೇಳುತ್ತಿದ್ದರು, ಇನ್ನೊಬ್ಬರು ಸಾಲದ ಚಿಂತೆ ಹೇಳಿಕೊಳ್ಳುತ್ತಿದ್ದರು. ಐವತ್ತರ ಹೆಂಗಸೊಬ್ಬಳು ಹೊಸದಾಗಿ ಬಂದ ಸೊಸೆಗೆ ಗೋಟು ಬೇರೆ, ಹಸಿರಡಿಕೆ ಬೇರೆ ಎಂದು ಕೈಯಲ್ಲಿ ಹಿಡಿದು ತೋರಿಸುತ್ತಿದ್ದಳು. ಯಾರೂ ಆಪ್ತ ಸಮಾಲೋಚನೆಗೆಂದು ಅಲ್ಲಿಗೆ ಹೋಗುತ್ತಿರಲಿಲ್ಲ. ಆದರೂ ಮನಸ್ಸಿನ ಭಾರ ಎಷ್ಟೋ ಅಲ್ಲೇ ಇಳಿಯುತ್ತಿತ್ತು. ಈಗ ಸುಲಿಯುವ ಯಂತ್ರ ಬಂದಿದೆ, ಹಲವರು ಹಸಿ ಅಡಿಕೆಯನ್ನೇ ಮಾರುತ್ತಾರೆ ಅಥವಾ ತೋಟವನ್ನೇ ಗುತ್ತಿಗೆಗೆ ಕೊಡುತ್ತಾರೆ. ಆಳು ಸಿಗದ ಕಾಲದಲ್ಲಿ ಯಂತ್ರ ಬೇಡವೆಂದು ಹೇಳುವವಳು ನಾನಲ್ಲ. ನಿದ್ದೆಗೆಟ್ಟು ಬೆರಳು ಕುಯ್ದುಕೊಂಡವರಿಗೆ ಅದರ ಉಪಕಾರ ಗೊತ್ತಿದೆ. ಆದರೆ ಆ ಅಂಗಳದಲ್ಲಿ ಕೆಲಸದ ಜೊತೆಗೇ ನಡೆಯುತ್ತಿದ್ದ ಇನ್ನೊಂದು ವ್ಯವಹಾರಕ್ಕೆ ನಾವು ಬದಲಿ ಮಾಡಿಕೊಳ್ಳಲಿಲ್ಲ.

ಮನೆಗಳೂ ಖಾಲಿಯಾಗಿವೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಎಂಟು ಹತ್ತು ಜನರಿಗೆಂದು ಕಟ್ಟಿದ ಮನೆಯಲ್ಲಿ ಇಬ್ಬರು, ಮೂವರು ಉಳಿದಿದ್ದಾರೆ. ಇಪ್ಪತ್ತೈದು ವರ್ಷ ಮಕ್ಕಳ ಊಟ, ಶಾಲೆ, ಪರೀಕ್ಷೆ, ಜ್ವರ ಎಂದು ಗಡಿಯಾರ ನೋಡಿ ಬದುಕಿದ ಹೆಂಗಸಿಗೆ ಒಂದು ಜೂನ್ ತಿಂಗಳಲ್ಲಿ ಇದ್ದಕ್ಕಿದ್ದಂತೆ ಬೆಳಗಿನ ಗಡಿಬಿಡಿಯೇ ಇರುವುದಿಲ್ಲ. ನಮ್ಮ ಕೇರಿಯ ಹಿರಿಯಕ್ಕನೊಬ್ಬರನ್ನು ಹೇಗಿದ್ದೀರಿ ಎಂದು ಕೇಳಿದಾಗ ಅವರು "ಇನ್ನೆಂತ ಇದ್ದು ತಂಗಿ, ದಿನ ದೂಡದು ಅಷ್ಟೇಯ" ಎಂದರು. ಅವರಿಗೆ ಆಗ ಐವತ್ತನಾಲ್ಕು ವರ್ಷ. ಕೊಟ್ಟಿಗೆಯಲ್ಲಿ ಎರಡು ದನ, ಕೈಕಾಲಿನಲ್ಲಿ ಶಕ್ತಿ, ನೆನಪಿನಲ್ಲಿ ನೂರಾರು ಹಾಡು, ಎಲ್ಲವೂ ಇದ್ದ ಹೆಂಗಸು ಆಡಬೇಕಾದ ಮಾತು ಇದಲ್ಲ.

ಮದುವೆಯಾಗದೆ ಉಳಿದ ತೋಟಿಗರ ಸ್ಥಿತಿ ಇನ್ನೂ ಕಷ್ಟದ್ದು. ತೋಟದಲ್ಲಿರುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತನ್ನು ನಾವು ಸುದ್ದಿಯಾಗಿ ಓದಿದ್ದೇವೆ, ನಗೆಹನಿಯಾಗಿ ಕೇಳಿದ್ದೇವೆ. ಆ ಹುಡುಗರಿಗೆ ಈಗ ನಲವತ್ತೈದು, ಐವತ್ತು ವರ್ಷವಾಗಿದೆ ಎಂಬುದನ್ನು ಮಾತ್ರ ಮರೆತಿದ್ದೇವೆ. ಎಲೆಚುಕ್ಕಿ ರೋಗಕ್ಕೆ ಸೊರಗುತ್ತಿರುವ ತೋಟವನ್ನು ಒಬ್ಬನೇ ನೋಡಿಕೊಂಡು, ತಾಯಿಗೆ ಅಡುಗೆ ಮಾಡಿ ಹಾಕಿ, ರಾತ್ರಿ ಮೊಬೈಲ್ ಹಿಡಿದು ಮಲಗುವ ವ್ಯಕ್ತಿಯನ್ನು ಊರು ಇನ್ನೂ ಮಾಣಿ (ಹುಡುಗ) ಎಂದೇ ಕರೆಯುತ್ತದೆ. ಸಮಿತಿಗೆ ಹೆಸರು ಸೂಚಿಸುವಾಗ, ಊರಿನ ಕಾರ್ಯಕ್ಕೆ ಯಜಮಾನಿಕೆ ವಹಿಸುವಾಗ ಅವನನ್ನು ದಾಟಿ ಮುಂದಿನ ಮನೆಗೆ ಹೋಗುತ್ತದೆ. ಅವನ ತೋಟ ಯಾರಿಗೆ ಎಂಬ ಪ್ರಶ್ನೆಯನ್ನು ಎದುರಿಗೇ ಕೇಳುವವರಿದ್ದಾರೆ. ದಯವಿಟ್ಟು ಅದನ್ನು ನಿಲ್ಲಿಸಬೇಕೆಂದು ಈ ಪತ್ರದ ಮೂಲಕ ಕೈಮುಗಿದು ಕೇಳುತ್ತೇನೆ.

ಘಟ್ಟದ ಕೆಳಗೆ ಇದೇ ಸಂಗತಿ ಬೇರೆ ರೂಪದಲ್ಲಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಇಪ್ಪತ್ತರ ಹುಡುಗರಿಗೆ ಅದು ವಿಶ್ರಾಂತಿಯ ಕಾಲ. ಬಲೆ ಎಳೆದು ಎಳೆದು ಸೊಂಟ ಹಿಡಿದುಹೋದ ಐವತ್ತರ ಮೀನುಗಾರನಿಗೆ ಅದು ಆಗಸ್ಟ್‌ನಲ್ಲಿ ದೋಣಿಯ ಮಾಲೀಕ ನನ್ನನ್ನು ಮತ್ತೆ ಕರೆಯುತ್ತಾನೋ ಇಲ್ಲವೋ ಎಂದು ಎಣಿಸುವ ಕಾಲ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲೂಕುಗಳ ಕಡಲತೀರದ ಊರುಗಳನ್ನು ಬಿಟ್ಟುಬಂದ ಕುಟುಂಬಗಳಲ್ಲಿ ಅಂದು ಯುವಕರಾಗಿದ್ದವರು ಇಂದು ಇದೇ ವಯಸ್ಸಿನಲ್ಲಿದ್ದಾರೆ. ಅವರ ಪಾಲಿಗೆ ಮನೆಯ ಜೊತೆಗೆ ಕಸುಬಿನ ನೆಲೆಯೂ ಹೋಗಿದೆ. ಕೊಲ್ಲಿ ದೇಶಗಳಲ್ಲಿ ದುಡಿದು ಭಟ್ಕಳಕ್ಕೆ ಮರಳಿದವರು ತಮ್ಮ ಮನೆಯಲ್ಲೇ ಅತಿಥಿಗಳಂತೆ ಕೂತಿರುವುದನ್ನು ಅಲ್ಲಿಯ ಪರಿಚಿತರಿಂದ ಕೇಳಿದ್ದೇನೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಈ ವಯಸ್ಸಿನ ಎಲ್ಲ ಬೇಸರವೂ ಬದುಕಿನ ಅರ್ಥದ ಪ್ರಶ್ನೆಯಲ್ಲ, ಕೆಲವು ನೇರವಾಗಿ ದೇಹಕ್ಕೆ ಸಂಬಂಧಿಸಿದವು. ನಮ್ಮ ದೇಶದಲ್ಲಿ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ರ ವಯಸ್ಸಿನಲ್ಲಿ, ಮತ್ತು ಅದಕ್ಕೆ ಕೆಲವು ವರ್ಷ ಮೊದಲಿನಿಂದಲೇ ನಿದ್ದೆಗೇಡು, ಸಿಟ್ಟು, ಕಾರಣವಿಲ್ಲದ ಅಳು ಶುರುವಾಗಬಹುದು. ಥೈರಾಯ್ಡ್ ಕೊರತೆ, ಮಧುಮೇಹ, ರಕ್ತಹೀನತೆ, ಮಾಂಸಾಹಾರ ಸೇವಿಸದ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿ-12 ಜೀವಸತ್ವದ ಕೊರತೆ, ಇವೆಲ್ಲವೂ ಮನಸ್ಸನ್ನು ಕುಗ್ಗಿಸುತ್ತವೆ. ಮಗಳು ಓದಿಗೆಂದು ಹೊರಟುಹೋದ ಮೇಲೆ ನನಗೂ ನಸುಕಿನ ಮೂರು ಗಂಟೆಗೇ ಎಚ್ಚರವಾಗುತ್ತಿತ್ತು, ದಿನವಿಡೀ ಮೈ ಭಾರವಿರುತ್ತಿತ್ತು. ಮಕ್ಕಳ ನೆನಪಿನಿಂದ ಹೀಗಾಗುತ್ತಿದೆ ಎಂದು ಮನೆಯಲ್ಲಿ ಎಲ್ಲರೂ ಹೇಳಿದರು. ರಕ್ತಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಕೊರತೆ ಇರುವುದು ಗೊತ್ತಾಯಿತು. ಮಾತ್ರೆಯಿಂದ ಮೈಯ ಭಾರ ಇಳಿಯಿತು, ನಿದ್ದೆಯೂ ಸುಧಾರಿಸಿತು. ಇನ್ನು ಮುಂದೆ ಏನು ಎಂಬ ಪ್ರಶ್ನೆ ಮಾತ್ರ ಮಾತ್ರೆಗೆ ಹೋಗಲಿಲ್ಲ. ಎರಡೂ ಬೇರೆ ಬೇರೆ ಎಂದು ತಿಳಿದದ್ದೇ ನನಗೆ ದೊಡ್ಡ ಉಪಕಾರವಾಯಿತು.

ಇನ್ನು ಎರಡು ವಾರಕ್ಕೂ ಮೀರಿ ದಿನವಿಡೀ ಮನಸ್ಸು ಕುಗ್ಗಿದ್ದರೆ, ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಬೇಡವೆನಿಸಿದರೆ, ಊಟ ನಿದ್ದೆ ಕೆಟ್ಟಿದ್ದರೆ, ಕುಡಿತ ಹೆಚ್ಚಿದ್ದರೆ ಅದು ಖಿನ್ನತೆಯಾಗಿರಬಹುದು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆಗೆ ಅವಕಾಶವಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಒಕ್ಕೊರಲಿನಿಂದ ಕೇಳಿದ ಜಿಲ್ಲೆ ನಮ್ಮದು. ಆ ಬೇಡಿಕೆಯಲ್ಲಿ ಮನಸ್ಸಿನ ಚಿಕಿತ್ಸೆಯೂ ಸೇರಿರಬೇಕು. ಘಟ್ಟದ ಮೇಲಿನ ಹಳ್ಳಿಯವರು ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಹೋಗಿಬರಲು ಒಂದು ಇಡೀ ದಿನ ಬೇಕು. ಮನಸ್ಸು ಸರಿಯಿಲ್ಲದವರನ್ನು ಕರೆದುಕೊಂಡು ಹೋಗುವುದು ಇನ್ನೂ ಕಷ್ಟ.

ದೇಹದ ತೊಂದರೆಯನ್ನು ವೈದ್ಯರಿಗೆ ಬಿಟ್ಟ ಮೇಲೂ ಉಳಿಯುವ ಆ ಪ್ರಶ್ನೆಯ ಬಗ್ಗೆಯೇ ನಾನು ಮುಖ್ಯವಾಗಿ ಬರೆಯಬೇಕೆಂದಿದ್ದೆ. ನಡುವಯಸ್ಸಿನಲ್ಲಿ ಮನುಷ್ಯನಿಗೆ ಮುಂದಿನ ತಲೆಮಾರಿಗಾಗಿ ಏನಾದರೂ ಬೆಳೆಸುವ, ಕಲಿಸುವ, ನೋಡಿಕೊಳ್ಳುವ ಹಂಬಲವಿರುತ್ತದೆ, ಅದಕ್ಕೆ ದಾರಿ ಸಿಗದಿದ್ದರೆ ಅವನು ನಿಂತ ನೀರಾಗುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಕಳೆದ ಶತಮಾನದ ಮಧ್ಯದಲ್ಲೇ ವಿವರಿಸಿದ್ದರು. ಇದಕ್ಕೆ ದೂರ ಹೋಗಬೇಕಾಗಿಲ್ಲ. ಶಿರಸಿಯ ಗಣೇಶನಗರದ ಗೌರಿ ನಾಯ್ಕ ಅವರು ಐವತ್ತರ ಆಸುಪಾಸಿನ ವಯಸ್ಸಿನಲ್ಲಿ, ತಾವು ಬೆಳೆಸಿದ ಗಿಡಗಳಿಗೆ ನೀರಿಲ್ಲವೆಂದು ಸುಮಾರು 60 ಅಡಿ ಆಳದ ಬಾವಿಯನ್ನು ಒಬ್ಬರೇ ತೋಡಿದರು. 2024ರಲ್ಲಿ ಅಂಗನವಾಡಿಯ ಮಕ್ಕಳಿಗೆ ಕುಡಿಯುವ ನೀರಿಲ್ಲವೆಂದು ಮತ್ತೊಂದು ಬಾವಿಗೆ ಗುದ್ದಲಿ ಹಾಕಿ, ಅಧಿಕಾರಿಗಳು ತಡೆದರೂ ಬಿಡದೆ ನೀರು ಕಂಡರು. ಅವರ ಛಲವನ್ನು ಎಲ್ಲರೂ ಹೊಗಳಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಂಡದ್ದು ಅವರ ಕೆಲಸದ ಮೂಲ. ಬದುಕಿನ ಗುರಿ ಯಾವುದೆಂದು ಅವರು ಕೂತು ಯೋಚಿಸಲಿಲ್ಲ; ಗಿಡ ಬಾಡುತ್ತಿತ್ತು, ಮಕ್ಕಳಿಗೆ ಬಾಯಾರಿಕೆಯಾಗುತ್ತಿತ್ತು. ನಿನ್ನೊಳಗಿನ ಶಕ್ತಿಯನ್ನು ಹುಡುಕು ಎಂದು ಹೇಳುವ ಉಪನ್ಯಾಸಗಳ ಬಗ್ಗೆ ನನಗೆ ನಂಬಿಕೆ ಕಡಿಮೆ. ದಿನ ದೂಡುತ್ತಿರುವ ವ್ಯಕ್ತಿ ಒಳಗೆ ನೋಡಿದಷ್ಟೂ ಅವನಿಗೆ ಕಾಣುವುದು ಆಯಾಸವೇ. ಅವನನ್ನು ಹೊರಗಿನಿಂದ ಯಾರಾದರೂ ಕರೆಯಬೇಕು, ನಾಳೆ ನೀನು ಬರದಿದ್ದರೆ ಈ ಕೆಲಸ ನಿಲ್ಲುತ್ತದೆ ಎಂದು ಹೇಳಬೇಕು.

ನನ್ನ ವಿಷಯದಲ್ಲಿ ಹಾಗೆ ಕರೆದದ್ದು ನಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದ ಮೇಲ್ವಿಚಾರಕಿ. ಸಂಜೆ ಹೊತ್ತು ಬರುವ ಮಕ್ಕಳಿಗೆ ಗಟ್ಟಿಯಾಗಿ ಓದಿಸಲು ಜನ ಬೇಕೆಂದು ಕೇಳಿದರು, ಹೋದೆ. ನಾಲ್ಕನೆಯ ತರಗತಿಯ ಹುಡುಗನೊಬ್ಬ ಸಾಲನ್ನು ಸರಾಗವಾಗಿ ಓದುತ್ತಾ ಬಂದು 'ಸ್ವಾತಂತ್ರ್ಯ' ಎಂಬಲ್ಲಿ ನಿಂತುಬಿಡುತ್ತಿದ್ದ. ಬೆರಳನ್ನು ಒತ್ತಕ್ಷರದ ಮೇಲಿಟ್ಟು, ತುಟಿ ಆಡಿಸಿ, ನನ್ನ ಮುಖ ನೋಡುತ್ತಿದ್ದ. ಒಂದು ಸಂಜೆ ಮಳೆ ಜೋರಾಗಿ ನಾನು ಹೋಗಿರಲಿಲ್ಲ. ಮರುದಿನ ಅವನು ಶಾಲೆಗೆ ಹೋಗುವ ದಾರಿಯಲ್ಲಿ ನಮ್ಮ ದಣಪೆಯ ಬಳಿ ನಿಂತು, ನಿನ್ನೆ ಯಾಕೆ ಬರಲಿಲ್ಲ ಅಮ್ಮಾ ಎಂದು ಕೇಳಿದ. ಬಹಳ ಕಾಲದ ನಂತರ ನನ್ನ ಗೈರುಹಾಜರಿಯ ಲೆಕ್ಕ ಇಟ್ಟವರು ಒಬ್ಬರು ಸಿಕ್ಕಿದ್ದರು. ಬೇಸರ ಆ ದಿನವೇ ಹೋಯಿತೆಂದು ಹೇಳಲಾರೆ. ಈಗಲೂ ಕೆಲವು ದಿನ ಮನಸ್ಸು ಮಂಕಾಗಿರುತ್ತದೆ. ಸಂಜೆ ನಾಲ್ಕೂವರೆಗೆ ಸೀರೆ ಬದಲಿಸಿ ಹೊರಡಬೇಕಾಗಿರುವುದರಿಂದ ಮಧ್ಯಾಹ್ನದ ಹೊತ್ತು ಮೊದಲಿನಷ್ಟು ಉದ್ದವಿಲ್ಲ.

ಮೇಲೆ ಹೇಳಿದ ಹಿರಿಯಕ್ಕನನ್ನು ಹಿತ್ತಲಿನ ಬೀಜಗಳು ಹೊರಗೆ ಕರೆದವು. ಶಿರಸಿಯ ವನಸ್ತ್ರೀ ಸಂಸ್ಥೆ 2001ರಿಂದ ಮಲೆನಾಡಿನ ಮನೆ ಹಿತ್ತಲಿನ ತರಕಾರಿ, ಹೂವುಗಳ ಬೀಜ ಉಳಿಸುವ, ಹಂಚಿಕೊಳ್ಳುವ ಕೆಲಸದಲ್ಲಿ ಹೆಂಗಸರನ್ನು ಒಟ್ಟುಗೂಡಿಸಿದೆ. ಅವರ ಮಲೆನಾಡು ಮೇಳಕ್ಕೆ ಇವರೂ ಒಮ್ಮೆ ಹೋಗಿ, ಮನೆಯಲ್ಲಿ ಅಜ್ಜಿಯ ಕಾಲದಿಂದ ಬಂದ ಮೊಗೆಕಾಯಿಯ ಬೀಜವನ್ನು ಬೂದಿ ಬೆರೆಸಿ ಕಟ್ಟಿದ ಪೊಟ್ಟಣಗಳಲ್ಲಿ ಕೊಟ್ಟು ಬಂದರು. ಮುಂದಿನ ಮಳೆಗಾಲದಲ್ಲಿ ಯಾರದೋ ಹಿತ್ತಲಿನಲ್ಲಿ ಅದು ಹಬ್ಬಿತೋ ಇಲ್ಲವೋ ಎಂದು ವಿಚಾರಿಸುವುದೇ ಅವರಿಗೊಂದು ಉದ್ಯೋಗವಾಯಿತು.

ಸಹಕಾರಿ ಸಂಘಗಳು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಅಡಿಕೆ ಮರ ಹತ್ತಿ ಕೊನೆ (ಗೊಂಚಲು) ಇಳಿಸುವ ಕೊನೆಗೌಡರ ಉದಾಹರಣೆ ಕೊಡುತ್ತೇನೆ. ಇಪ್ಪತ್ತು ಮೂವತ್ತು ವರ್ಷ ಅಡಿಕೆ ಮರ ಹತ್ತಿದವನಿಗೆ ನಲವತ್ತೆಂಟರ ಹೊತ್ತಿಗೆ ಮೊಣಕಾಲು ಸೋಲುತ್ತದೆ. ಆಗ ಕೂಲಿಯ ಜೊತೆಗೆ ಊರಿನಲ್ಲಿ ಅವನಿಗಿದ್ದ ಮರ್ಯಾದೆಯೂ ಹೋಗುತ್ತದೆ. ಕೊಯ್ಲಿನ ಕಾಲದಲ್ಲಿ ಹತ್ತು ಮನೆಯವರು ಬಾಗಿಲಿಗೆ ಬಂದು ಕಾಯುತ್ತಿದ್ದ ಮನುಷ್ಯ ಯಾರಿಗೂ ಬೇಡವಾಗುತ್ತಾನೆ. ಆದರೆ ಅವನ ತಿಳಿವಳಿಕೆ ಎಲ್ಲಿಯೂ ಹೋಗಿರುವುದಿಲ್ಲ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗೌಡರು ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿ ತಯಾರಿಸುವುದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಅವರು ಮಾತ್ರ ಎರಡನ್ನೂ ಬೆರೆಸಿದ ಮೇಲೆ ಕತ್ತಿಯ ಮೊನೆಯನ್ನು ಸ್ವಲ್ಪ ಹೊತ್ತು ಅದರಲ್ಲಿ ಅದ್ದಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಹಾಗೆಯೇ ಹೊಡೆದರೆ ಎಳೆ ಕಾಯಿ, ಸೋಗೆ ಸುಡುತ್ತದೆ. ಸುಣ್ಣದ ತಿಳಿ ಇನ್ನಷ್ಟು ಸೇರಿಸಿ, ಮೊನೆ ಸ್ವಚ್ಛವಾಗಿ ಹೊರಬರುವವರೆಗೂ ಅವರು ಪಂಪಿಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಈಗ ಅವರು ಮರ ಹತ್ತುವುದಿಲ್ಲ, ಯಾರೂ ಅವರನ್ನು ಕರೆಯುವುದೂ ಇಲ್ಲ. ಕಾರ್ಬನ್ ಫೈಬರ್ ದೋಟಿಯಿಂದ ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ, ಔಷಧಿ ಹೊಡೆಯುವ ತರಬೇತಿಗಳು ನಡೆಯುತ್ತಿವೆ. ಯಾವ ಮರದ ಕೊನೆ ಹದಕ್ಕೆ ಬಂದಿದೆ, ಯಾವುದನ್ನು ಇನ್ನೂ ಬಿಡಬೇಕು ಎಂದು ಕೆಳಗಿನಿಂದಲೇ ನೋಡಿ ಹೇಳಬಲ್ಲ ಇಂಥವರನ್ನು ಆ ತರಬೇತಿಗಳಿಗೆ ಸಂಭಾವನೆ ಕೊಟ್ಟು ಶಿಕ್ಷಕರಾಗಿ ನೇಮಿಸಿಕೊಳ್ಳಬಾರದೇಕೆ? ಇದರಿಂದ ತೋಟಗಳಿಗೂ ಲಾಭವಿದೆ.

ಬಂದರುಗಳಲ್ಲಿ ಬಲೆ ಹೆಣೆಯುವುದನ್ನು, ಗಾಳಿ ನೀರು ನೋಡಿ ದೋಣಿ ನಡೆಸುವುದನ್ನು ಬಲ್ಲ ಹಿರಿಯ ಮೀನುಗಾರರಿಗೂ ಮೀನುಗಾರರ ಸಹಕಾರಿ ಸಂಘಗಳು ಇಂಥದೇ ಜಾಗ ಮಾಡಿಕೊಡಬಹುದು; ನಿಷೇಧದ ಆ ಎರಡು ತಿಂಗಳು ಅದಕ್ಕೆ ಹೇಳಿ ಮಾಡಿಸಿದ ಸಮಯ. ಒಂಟಿ ತೋಟಿಗರನ್ನು ಸಂಘದ ಸಮಿತಿಗಳಿಗೆ, ಶಾಲೆಯ ಅಭಿವೃದ್ಧಿ ಕೆಲಸಕ್ಕೆ, ಊರಿನ ಯಕ್ಷಗಾನ ತರಬೇತಿಯ ಉಸ್ತುವಾರಿಗೆ ಹೆಸರು ಹಿಡಿದು ಕರೆಯಬೇಕು. ಸ್ವಯಂಸೇವೆ ಎಂಬ ಹೆಸರಿನಲ್ಲಿ ಬಡವರಿಂದ ಬಿಟ್ಟಿ ದುಡಿಸಿಕೊಳ್ಳುವುದು ಮಾತ್ರ ಆಗಬಾರದು. ದಿನಗೂಲಿಯಿಂದ ಮನೆ ನಡೆಸುವವನಿಗೆ ಸಂಭಾವನೆಯೂ ಮರ್ಯಾದೆಯ ಭಾಗವೇ. ಸನ್ಮಾನ, ಶಾಲು, ಹಾರಗಳಿಂದಲೂ ಇದು ಸಾಧ್ಯವಾಗುವುದಿಲ್ಲ. ಸನ್ಮಾನ ಮಾಡಿ ಮನೆಗೆ ಕಳಿಸಿದರೆ ನಿನ್ನ ಕೆಲಸ ಮುಗಿಯಿತು ಎಂದು ಹೇಳಿದಂತಾಗುತ್ತದೆ.

ಸಹಕಾರಿ ಸಂಘಗಳ ವಾರ್ಷಿಕ ಸರ್ವಸಾಧಾರಣ ಸಭೆಗಳು ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ನಡೆಯುತ್ತವೆ. ಮರ ಹತ್ತುವುದನ್ನು ಬಿಟ್ಟ ಕೊನೆಗೌಡರನ್ನು ತರಬೇತುದಾರರಾಗಿ ನೇಮಿಸುವ ಮತ್ತು ಅದಕ್ಕೆ ಸಂಘದ ಲಾಭಾಂಶದಿಂದ ಸಣ್ಣ ಮೊತ್ತವೊಂದನ್ನು ತೆಗೆದಿಡುವ ವಿಷಯವನ್ನು ಈ ವರ್ಷದ ಸಭೆಯಲ್ಲಿ ಚರ್ಚೆಗೆ ತರಬೇಕೆಂದು ಕೋರಿ ನಾನು ಸದಸ್ಯೆಯಾಗಿರುವ ಸಂಘಕ್ಕೆ ಲಿಖಿತ ಅರ್ಜಿ ಕೊಟ್ಟಿದ್ದೇನೆ. ಜಿಲ್ಲೆಯ ಬೇರೆ ಸಂಘಗಳ ಸದಸ್ಯರೂ ತಮ್ಮ ತಮ್ಮ ಊರಿಗೆ ಹೊಂದುವ ಇಂಥ ಅರ್ಜಿಗಳನ್ನು ಸಭೆಯ ನೋಟಿಸು ಹೊರಡುವ ಮೊದಲೇ ಕೊಡಬೇಕೆಂದು ವಿನಂತಿಸುತ್ತೇನೆ. ಈಗಾಗಲೇ ಎಲ್ಲಿಯಾದರೂ ಇಂಥ ಪ್ರಯತ್ನ ನಡೆದಿದ್ದರೆ ಅದರ ವಿವರವನ್ನು ಅಲ್ಲಿಯವರು ಇದೇ ಅಂಕಣಕ್ಕೆ ಬರೆದು ತಿಳಿಸಿದರೆ, ನಮ್ಮ ಸಭೆಯಲ್ಲಿ ಮಾತನಾಡುವಾಗ ನನಗೆ ಆಧಾರವಾಗುತ್ತದೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ಓದುಗಿ
ಶಿರಸಿ ತಾಲೂಕು, ಉತ್ತರ ಕನ್ನಡ